ಹದಿನೇಳನೇ ಗೂಡಿನ ದೂರುದಾರ

ಪೂಜ್ಯ ವಾಚಕ ಮಹಾಶಯರೇ, ಮಹಾಶಯೆಯರೇ,

ಈ ಕಥನವನ್ನು ತಮ್ಮ ಅವಗಾಹನೆಗೆ ಸಾದರಪಡಿಸುವ ಮುನ್ನ ಒಂದು ಮಾತನ್ನು ಅರಿಕೆ ಮಾಡಿಕೊಳ್ಳುವುದು ಉಚಿತವೆಂದು ಭಾವಿಸುತ್ತೇನೆ. ಇದರಲ್ಲಿ ಕಗ್ಗಾಡಿಲ್ಲ, ಕಳ್ಳರ ಗವಿಯಿಲ್ಲ, ಬಿರುಗಾಳಿಗೆ ಸಿಲುಕಿದ ನೌಕೆಯಿಲ್ಲ, ಕೊನೆಯ ಪುಟದಲ್ಲಿ ದಿಢೀರನೆ ಪತ್ತೆಯಾಗುವ ಅವಳಿ ಸಹೋದರನೂ ಇಲ್ಲ. ಇರುವುದು ಒಂದು ಎರವಲು ಕಾರು, ಅದರೊಳಗೆ ಕುಳಿತ ಒಬ್ಬಳು ಅಕ್ಕ, ಒಬ್ಬ ತಮ್ಮ, ಮತ್ತು ಮನೆಯಿಂದ ಮೂವತ್ತು ಕಿಲೋಮೀಟರು ಮೀರದ ಎರಡು ದಿನಗಳ ಪ್ರಯಾಣ. ಇಷ್ಟು ತಿಳಿದೊಡನೆ ತಾವು ಪುಟ ಮಗುಚಿದರೆ ನನ್ನ ಆಕ್ಷೇಪಣೆಯಿಲ್ಲ. ಹೊರಡುವ ದಿನ ನನ್ನ ಮುಖವೂ ಅಷ್ಟೇ ಗಂಟಿಕ್ಕಿಕೊಂಡಿತ್ತು.

ನಾನು ಒಂದೆಡೆ ನಿಲ್ಲುವ ಜೀವವಲ್ಲ. ಲಾರಿ ಓಡಿಸಿದ್ದೇನೆ, ಹಡಗಿನ ಅಡುಗೆಮನೆಯಲ್ಲಿ ತಟ್ಟೆ ತೊಳೆದಿದ್ದೇನೆ, ಸರ್ಕಸ್ಸಿನ ಡೇರೆಗೆ ಗೂಟ ಹೊಡೆದಿದ್ದೇನೆ. ವರ್ಷದ ಹನ್ನೊಂದು ತಿಂಗಳು ಎಲ್ಲೆಲ್ಲೋ ಇದ್ದು, ಅಂಗಿಗಳು ಹರಿದು ಕೈಗೆ ಬಂದಾಗ ಅಕ್ಕನ ಮನೆಗೆ ಬಂದು ಒಂದು ತಿಂಗಳು ತಂಗುವುದು ನನ್ನ ಪದ್ಧತಿ. ಅಕ್ಕನಾದರೋ ಮೂವತ್ತನಾಲ್ಕು ವರ್ಷ ಒಂದೇ ಕೋಣೆಯಲ್ಲಿ ನಿಂತವಳು. ದೊಡ್ಡ ಅಂಚೆ ಕಚೇರಿಯ ಹಿಂಬದಿಯಲ್ಲಿ ಕಿಟಕಿಯೇ ಇಲ್ಲದ ಆ ಕೋಣೆ. ಅದರ ಗೋಡೆಗೆ ಒರಗಿಸಿದ ಮರದ ಕಪಾಟು. ಕಪಾಟಿನಲ್ಲಿ ಇಪ್ಪತ್ತನಾಲ್ಕು ಗೂಡುಗಳು. ಒಂದೊಂದು ಗೂಡಿಗೂ ಸುತ್ತಮುತ್ತಲಿನ ಒಂದೊಂದು ಊರು. ಬಂದ ಕಾಗದಗಳನ್ನು ಗೂಡಿಗೆಸೆಯುವುದು, ಊರುಗಳಿಂದ ಬಂದ ಚೀಲಗಳನ್ನು ಬಿಚ್ಚುವುದು, ಇದು ಅವಳ ಕೆಲಸ. ಐದು ತಿಂಗಳ ಹಿಂದೆ ನಿವೃತ್ತಳಾದಳು. ಆ ಇಪ್ಪತ್ತನಾಲ್ಕು ಊರುಗಳಲ್ಲಿ ಒಂದನ್ನೂ ಅವಳು ಕಣ್ಣಾರೆ ಕಂಡಿರಲಿಲ್ಲ. ಆದರೂ ಎಲ್ಲವೂ ಅವಳಿಗೆ ಗೊತ್ತಿದ್ದವು, ಹೆಸರಿನಿಂದಲ್ಲ, ಸಂಖ್ಯೆಯಿಂದ.

ಈ ಸಲ ನಾನು ಬಂದ ಮರುದಿನವೇ ಬೆಳಗಿನ ಚಹಾ ಮುಂದಿಟ್ಟು ಕೇಳಿದಳು.

"ಇಡೀ ಪ್ರಪಂಚ ಸುತ್ತಿದ್ದೀಯಲ್ಲ, ನಾಲ್ಕನೇ ಗೂಡು ಎಲ್ಲಿದೆ ಹೇಳು ನೋಡೋಣ?"

"ನಿನ್ನ ಕಪಾಟಲ್ಲಿ."

"ನೋಡಿದ್ಯಾ? ಕಾಲಷ್ಟೇ ಊರೂರು ಸುತ್ತಿದ್ದು. ತಲೆ ಇನ್ನೂ ಹೊಸ್ತಿಲು ದಾಟಿಲ್ಲ." ಚಹಾದ ಲೋಟವನ್ನು ನನ್ನ ಕಡೆ ತಳ್ಳಿದಳು. "ಇಪ್ಪತ್ತನಾಲ್ಕನ್ನೂ ನೋಡ್ಕೊಂಡು ಬರಬೇಕು ಕಣೋ. ನೀನು ಗಾಡಿ ಓಡಿಸು."

"ಇಷ್ಟು ವರ್ಷ ಇಲ್ಲದ ಆಸೆ ಈಗ್ಯಾಕೆ?"

ಅವಳು ಲೋಟದ ತಳ ನೋಡುತ್ತ, ಏನೂ ಅಲ್ಲವೆಂಬಂತೆ ಹೇಳಿದಳು. "ಹದಿನೇಳನೇ ಗೂಡಿನ ದೂರು ನಿಂತುಹೋಗಿದೆ."

ಹದಿನೇಳನೇ ಗೂಡಿನ ದೂರುದಾರನ ವೃತ್ತಾಂತವನ್ನು ಇಲ್ಲಿ ಸಂಕ್ಷಿಪ್ತವಾಗಿ ನಿವೇದಿಸಬೇಕು. ಆ ಊರಿನಲ್ಲಿ ಒಬ್ಬ ಗಡಿಯಾರ ರಿಪೇರಿಯವನಿದ್ದ. ಅಂಚೆ ತಡವಾಗಿ ತಲುಪಿದಾಗಲೆಲ್ಲ ಅವನು ಲಿಖಿತ ದೂರು ಕಳುಹಿಸುತ್ತಿದ್ದ. ದೂರಿಗೆ ಸಂಬಂಧಪಟ್ಟ ವಿಂಗಡಣೆಯವರೇ ಮೂವತ್ತು ದಿನದೊಳಗೆ ಕೈಬರಹದಲ್ಲಿ ಉತ್ತರಿಸಬೇಕೆಂಬುದು ಇಲಾಖೆಯ ನಿಯಮ. ಹೀಗೆ ತಿಂಗಳಿಗೆ ಮೂರರಂತೆ ಇಪ್ಪತ್ತೊಂದು ವರ್ಷ, ಒಬ್ಬರನ್ನೊಬ್ಬರು ಕಾಣದೆ, ಇಬ್ಬರೂ ಕಾಗದದ ಮೇಲೆ ಜಗಳವಾಡಿದ್ದರು. ಅಕ್ಕನಿಗೆ ಬಹುಪಾಲು ಬಾಯಿಪಾಠವಾಗಿತ್ತು.

"'ಮಾಸಪತ್ರಿಕೆ ನಲವತ್ತು ನಿಮಿಷ ತಡವಾಗಿ ತಲುಪಿದೆ. ಅಷ್ಟು ಹೊತ್ತೂ ನಾನು ಬಾಗಿಲಲ್ಲಿ ನಿಂತಿದ್ದೆ. ನಿಂತದ್ದಕ್ಕೆ ಹೊಣೆ ಯಾರು?' ಅಂತ ಬರ್ದಿದ್ದ. ನಾನು ಬರ್ದೆ, 'ತಾವು ನಿಲ್ಲಬೇಕೆಂದು ಇಲಾಖೆಯು ಕೋರಿರುವುದಿಲ್ಲ, ಕುರ್ಚಿ ಹಾಕಿಕೊಳ್ಳಬಹುದು.' ಮುಂದಿನ ದೂರು ಏನ್ ಗೊತ್ತಾ? 'ಕುರ್ಚಿ ಹಾಕಿಕೊಂಡೆ. ಈಗ ಕುಳಿತು ಕಾಯುತ್ತಿದ್ದೇನೆ. ಅಂಚೆಯಲ್ಲಿ ಸುಧಾರಣೆ ಕಂಡುಬಂದಿಲ್ಲ.'"

ನಾನು ನಕ್ಕೆ. ಅವಳು ನಗಲಿಲ್ಲ.

"ನಾನು ರಿಟೈರ್ ಆಗೋಕೆ ಏಳು ತಿಂಗಳಿದ್ದಾಗ ನಿಂತುಹೋಯ್ತು. ಒಂದೂ ಇಲ್ಲ."

"ಅವನ ಹೆಸರಿಗೆ ಕಾಗದ ಬರೋದು?"

"ಮಾಸಪತ್ರಿಕೆ ಬರ್ತಾನೇ ಇತ್ತು. ಅದಕ್ಕೇನು, ಚಂದಾ ಕಟ್ಟಿದವನು ಹೋದ್ರೂ ಪತ್ರಿಕೆ ಬರತ್ತೆ." ಲೋಟ ಎತ್ತಿಕೊಂಡು ಎದ್ದಳು. "ಬದುಕಿದಾನೋ ಇಲ್ವೋ ಅಂತ ನೋಡಬೇಕು, ಅಷ್ಟೆ. ಕಚೇರಿ ಕೆಲಸ ಅರ್ಧಕ್ಕೆ ಬಿಡಬಾರದು."

ಕಾರು ಕೊಟ್ಟವನು ಅಕ್ಕನ ಅಳಿಯ. ಡ್ರೈವಿಂಗ್ ಶಾಲೆ ನಡೆಸುವವನು; ಶನಿವಾರ ಭಾನುವಾರ ಪಾಠವಿಲ್ಲ. ಭಾನುವಾರ ಸಂಜೆ ಆರಕ್ಕೆ ಸರಿಯಾಗಿ ಕಾರು ಅಂಗಳದಲ್ಲಿರಬೇಕು, ಸೋಮವಾರ ಮುಂಜಾನೆಯೇ ಐದು ಜನ ಕಲಿಯುವವರಿದ್ದಾರೆ ಎಂದು ಷರತ್ತು ಹಾಕಿದ. ಕಾರಿನ ಹಿಂದೆ ಮುಂದೆ 'ಎಲ್' ಎಂಬ ಕೆಂಪಕ್ಷರ. ಚಾಲಕನ ಕಾಲ ಬುಡದಲ್ಲಿರುವಂತೆಯೇ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು, ಒಂದು ಕ್ಲಚ್ಚು.

"ಮಾವ, ಅತ್ತೆ ಕಾಲು ಆ ಕಡೆ ಹೋಗದ ಹಾಗೆ ನೋಡ್ಕೊಳಿ," ಎಂದು ಅಳಿಯ ಕಿವಿಯಲ್ಲಿ ಹೇಳಿದ.

ಅವನ ಮಾತು ಮುಗಿಯುವಷ್ಟರಲ್ಲಿ ಅಕ್ಕನ ಕಾಲು ಆ ಕಡೆ ಹೋಗಿಯಾಗಿತ್ತು.

ನಾನು ನಕ್ಷೆ ಹರಡಿ ಒಂದು ಅಚ್ಚುಕಟ್ಟಾದ ಮಾರ್ಗವನ್ನು ಪೆನ್ಸಿಲಿನಿಂದ ಗುರುತಿಸಿದ್ದೆ. ಉತ್ತರದ ರಸ್ತೆಯಲ್ಲಿ ಒಂದು, ಒಂಬತ್ತು, ಹದಿನಾಲ್ಕು. ಅಲ್ಲಿಂದ ಬಳಸಿಕೊಂಡು ಹದಿನೇಳು, ಐದು, ಇಪ್ಪತ್ತು. ಹೀಗೆ ಸುತ್ತಿದರೆ ಎರಡೇ ದಿನದಲ್ಲಿ ಇಪ್ಪತ್ತನಾಲ್ಕೂ ಮುಗಿಯುತ್ತಿದ್ದವು. ಅಕ್ಕ ನಕ್ಷೆಯನ್ನು ನೋಡಿ, ಮಡಚಿ, ತನ್ನ ಚೀಲದಲ್ಲಿ ಬ್ರೆಡ್ಡಿನ ಕೆಳಗಿಟ್ಟಳು.

"ಒಂದಾದ ಮೇಲೆ ಎರಡು. ಎರಡಾದ ಮೇಲೆ ಮೂರು."

"ಅಕ್ಕಾ, ಒಂದು ಉತ್ತರಕ್ಕಿದೆ, ಎರಡು ದಕ್ಷಿಣಕ್ಕಿದೆ, ಮೂರು ಮತ್ತೆ ಉತ್ತರಕ್ಕಿದೆ!"

"ಕಪಾಟಲ್ಲಿ ಅಕ್ಕಪಕ್ಕಾನೇ ಇದಾವೆ."

ಆ ಕಪಾಟಿನ ಕ್ರಮವನ್ನು ನಿರ್ಧರಿಸಿದವನು ಅವಳಿಗಿಂತ ಹಿಂದಿನ ಯಾವನೋ ನೌಕರ. ಹೆಚ್ಚು ಕಾಗದ ಬರುವ ಊರು ಕೈಗೆಟಕುವಷ್ಟು ಹತ್ತಿರ, ಕಡಿಮೆ ಬರುವುದು ಮೇಲಕ್ಕೆ, ಕೆಳಕ್ಕೆ. ಅವನಿಗೆ ದಿಕ್ಕು ದೆಸೆಗಳ ಗೊಡವೆಯಿರಲಿಲ್ಲ. ಮೂವತ್ತನಾಲ್ಕು ವರ್ಷ ಅದೇ ಕ್ರಮದಲ್ಲಿ ಕೈಯಾಡಿಸಿದ ಅಕ್ಕನಿಗೆ ಭೂಮಿಯೂ ಹಾಗೆಯೇ ಜೋಡಿಸಲ್ಪಟ್ಟಿರಬೇಕೆಂಬ ದೃಢನಂಬಿಕೆ. ಹದಿನೇಳನ್ನಾದರೂ ಮೊದಲು ನೋಡಿಬಿಡೋಣವೆಂದರೆ, "ಸರದಿ ಬಂದಾಗ," ಎಂದು ಕಿಟಕಿಯ ಗಾಜು ಇಳಿಸಿದಳು.

ಒಂದನೇ ಗೂಡಿನ ರಸ್ತೆಯಲ್ಲಿ ನಾನು ಲಾರಿ ಓಡಿಸುತ್ತಿದ್ದ ಕಾಲದಲ್ಲಿ ನೂರಾರು ಸಲ ಹಾದುಹೋಗಿದ್ದೆ, ಎಂಬತ್ತರ ವೇಗದಲ್ಲಿ. ಈಗ ಮೂವತ್ತರ ವೇಗದಲ್ಲಿ ಸಾಗುತ್ತಿದ್ದಾಗ ಕಾರು ಗಕ್ಕನೆ ನಿಂತು ನನ್ನ ಹಣೆ ಸ್ಟೀರಿಂಗ್ ಚಕ್ರಕ್ಕೆ ತಾಗಿತು. ಬ್ರೇಕು ಒತ್ತಿದವಳು ಅಕ್ಕ.

"ಏನೋ ಅದು?"

ರಸ್ತೆಯ ಪಕ್ಕದಲ್ಲಿ ಒಂದು ಬೂಟು ನಿಂತಿತ್ತು. ಸಿಮೆಂಟಿನದು, ಎರಡಂತಸ್ತಿನ ಮನೆಯಷ್ಟು ಎತ್ತರ. ಹಿಂದೆ ಅಲ್ಲಿದ್ದ ಪಾದರಕ್ಷೆ ಕಾರ್ಖಾನೆ ಮುಚ್ಚಿ ಹೋದರೂ ಅದರ ಜಾಹೀರಾತು ಉಳಿದುಕೊಂಡಿತ್ತು. ಹಿಮ್ಮಡಿಯಲ್ಲಿ ಒಂದು ಬಾಗಿಲು, ಒಳಗೆ ಸುರುಳಿ ಮೆಟ್ಟಿಲು. ನಾವು ಹತ್ತಿದೆವು. ಲಾಡಿ ಪೋಣಿಸುವ ದುಂಡು ತೂತಿನಲ್ಲಿ ಅಕ್ಕ ಮುಖ ತೂರಿಸಿ ಒಂದನೇ ಗೂಡಿನ ಮಾಳಿಗೆಗಳನ್ನೆಲ್ಲ ಎಣಿಸಿದಳು.

"ಎಷ್ಟು ದೇಶ ನೋಡಿದೀಯೋ?"

"ಒಂಬತ್ತು."

"ಎಲ್ಲಾದ್ರೂ ಬೂಟಿನೊಳಗೆ ನಿಂತಿದ್ಯಾ?"

ನಾನು ನಿಂತಿರಲಿಲ್ಲ. ಹದಿನೆಂಟು ಕಿಲೋಮೀಟರು ದೂರದ ಈ ಬೂಟನ್ನು ನೂರಾರು ಸಲ ದಾಟಿಹೋಗಿದ್ದೆನೆಂದು ಒಪ್ಪಿಕೊಳ್ಳುವ ಧೈರ್ಯವೂ ಆಗ ನನಗೆ ಬರಲಿಲ್ಲ.

ಎರಡನೇ ಗೂಡಿನಲ್ಲಿ ನದಿಯಿಲ್ಲದ ಸೇತುವೆಯಿತ್ತು. ಹೊಳೆ ಅರವತ್ತು ವರ್ಷದ ಹಿಂದೆಯೇ ಪಾತ್ರ ಬದಲಿಸಿ ಬೇರೆಡೆ ಹೋಗಿತ್ತು. ಸೇತುವೆಯ ಕೆಳಗೆ ಟೊಮೇಟೊ ಬೆಳೆದಿದ್ದರು. ಆದರೂ ಊರವರು ನಾಲ್ಕು ಹೆಜ್ಜೆ ನೆಲದ ಮೇಲೆ ದಾಟುವ ಬದಲು ಸೇತುವೆ ಹತ್ತಿ ಇಳಿಯುತ್ತಿದ್ದರು. ಮೂರನೆಯದರಲ್ಲಿ ಹೊಲದ ಬೆದರುಬೊಂಬೆಗಳೆಲ್ಲ ಕೋಟು, ಟೈ ಧರಿಸಿದ್ದವು. ಆ ಊರಿನ ದರ್ಜಿ, ಹೊಲಿಸಿಕೊಂಡು ಒಯ್ಯದವರ ಬಟ್ಟೆಗಳಿಗೆ ಮಾಡಿಕೊಟ್ಟ ಸದ್ಗತಿ ಅದು. ಒಂದು ಬೊಂಬೆಯ ಕೋಟಿನ ಮೇಲೆ 'ಮುಂದಿನ ವಾರ ಖಂಡಿತ' ಎಂಬ ಚೀಟಿ ಇನ್ನೂ ತೂಗುತ್ತಿತ್ತು.

ಉತ್ತರದಿಂದ ದಕ್ಷಿಣಕ್ಕೆ, ದಕ್ಷಿಣದಿಂದ ಉತ್ತರಕ್ಕೆ ಹೋಗುವಾಗಲೆಲ್ಲ ನಾವು ಒಂದೇ ನಾಲ್ಕುರಸ್ತೆಯನ್ನು ದಾಟಲೇಬೇಕಿತ್ತು. ಅಲ್ಲೊಂದು ಚಹಾದ ಅಂಗಡಿ. ಮೂರನೆಯ ಸಲ ದಾಟುವಾಗ ಅಂಗಡಿಯಾಕೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಹೊರಗೇ ಬಂದು ನಿಂತಳು.

"ಅಮ್ಮಾ, ಇವರು ಗಾಡಿ ಕಲೀತಿರೋದು ಎಷ್ಟು ದಿನದಿಂದ?"

"ಐವತ್ತೆಂಟು ವರ್ಷದಿಂದ," ಎಂದಳು ಅಕ್ಕ.

"ಬಿಡಿ, ಕೆಲವರಿಗೆ ಕೈ ಕೂರೋದು ನಿಧಾನ. ಅಣ್ಣಾ, ತಿರುವಲ್ಲಿ ಹೆದರ್ಕೋಬೇಡಿ, ನಾನು ನೋಡ್ತಾ ಇರ್ತೀನಿ."

ಅಲ್ಲಿಂದಾಚೆಗೆ ಆ ನಾಲ್ಕುರಸ್ತೆಯಲ್ಲಿ ನಾನು ತಿರುಗಿದಾಗಲೆಲ್ಲ ಬೆಂಚಿನ ಮೇಲೆ ಕುಳಿತವರು ಚಪ್ಪಾಳೆ ತಟ್ಟಿದರು. ಮೂರು ಲಕ್ಷ ಕಿಲೋಮೀಟರು ಲಾರಿ ಓಡಿಸಿದ ಈ ದೇಹ ಅದನ್ನೂ ಸಹಿಸಿತು.

ನಾಲ್ಕನೇ ಗೂಡಿಗೆ ಹೋಗುವಾಗ ಅಕ್ಕ ತಲೆ ಬಾಚಿಕೊಂಡಳು.

"ಇದು ಪ್ರೇಮಿಗಳ ಊರು ಕಣೋ. ಇಲ್ಲಿನ ಚೀಲ ಬಿಚ್ಚಿದ್ರೆ ಕೋಣೆ ಎಲ್ಲಾ ಘಮಘಮ. ಪ್ರತಿ ಕಾಗದಕ್ಕೂ ಸುಗಂಧ ಪೂಸಿ ಕಳಿಸ್ತಾರೆ. ತೆರಿಗೆ ಆಫೀಸಿಗೆ ಬರೆದ ಕಾಗದಕ್ಕೂ ಪೂಸಿರ್ತಾರೆ, ಅಷ್ಟು ರಸಿಕರು."

ಊರ ಬಾಗಿಲಲ್ಲೇ ಬಸ್ಸಿನಷ್ಟು ಉದ್ದದ ಗುಲಾಬಿ ಬಣ್ಣದ ಸಿಮೆಂಟಿನ ಸಾಬೂನು ಮಲಗಿತ್ತು. ಹಿಂದೆ ಸಾಬೂನಿನ ಕಾರ್ಖಾನೆ. ಕಾರ್ಖಾನೆಯ ಗೋಡೆಗೆ ಗೋಡೆ ಹಚ್ಚಿಕೊಂಡು ಅಂಚೆ ಕಚೇರಿ. ಅಕ್ಕ ಎರಡನ್ನೂ ನೋಡಿದಳು, ಗಾಳಿಯನ್ನು ಮೂಸಿದಳು, ಮತ್ತೆ ಎರಡನ್ನೂ ನೋಡಿದಳು. ನಾನು ತುಟಿಯನ್ನು ಹಲ್ಲಿನಡಿ ಹಿಡಿದಿದ್ದೆ. ಐದು ಕಿಲೋಮೀಟರು ಸಾಗಿದ ಮೇಲೆ ಅವಳು ಹೇಳಿದಳು.

"ಸಾಬೂನು ಮಾಡೋರು ಪ್ರೀತಿ ಮಾಡಬಾರದು ಅಂತ ಕಾನೂನಿದೆಯಾ?"

ಆದರೆ ಎಲ್ಲವೂ ಹೀಗೆ ತಲೆಕೆಳಗಾಗಲಿಲ್ಲ. ಆರನೇ ಗೂಡಿನಲ್ಲಿ ಯಾರೋ ಒಬ್ಬರು ಎಡಗೈಯವರು ಊರಿಗೆಲ್ಲ ಕಾಗದ ಬರೆದುಕೊಡುತ್ತಾರೆ ಎಂದಿದ್ದಳು. ಸಂಜೆ ನಾವು ಹೋದಾಗ ನಿವೃತ್ತ ಶಿಕ್ಷಕಿಯೊಬ್ಬರು ಜಗಲಿಯ ಮೇಲೆ ಕುಳಿತು, ಎದುರಿಗೆ ನಾಲ್ಕು ಜನರನ್ನು ಕೂರಿಸಿಕೊಂಡು, ಎಡಗೈಯಲ್ಲಿ ಬರೆಯುತ್ತಿದ್ದರು. ಅಕ್ಕ ಹತ್ತಿರ ಹೋಗಿ, ನಿಮ್ಮ 'ಳ' ಕಾರ ನನಗೆ ಇಪ್ಪತ್ತು ವರ್ಷದಿಂದ ಗೊತ್ತು ಎಂದಳು. ಶಿಕ್ಷಕಿ ಗಾಬರಿಯಾಗಿ ಪೆನ್ನಿನ ಮುಚ್ಚಳ ಮುಚ್ಚಿದರು.

ಭಾನುವಾರ ಬೆಳಗ್ಗೆ ಏಳನೇ ಗೂಡು. ಅದನ್ನು ಅಕ್ಕ ಜಗಳಗಂಟರ ಊರೆಂದು ಕರೆಯುತ್ತಿದ್ದಳು, ವಾರಕ್ಕೆರಡು ಕೋರ್ಟಿನ ನೋಟೀಸುಗಳು ತಪ್ಪದ ಕಾರಣ. ನೋಡಿದರೆ ಎಲ್ಲವೂ ಒಂದೇ ಮನೆಗೆ ಸೇರಿದವು. ಅಣ್ಣತಮ್ಮಂದಿರಿಬ್ಬರು ಪಾಲು ಮಾಡಿಕೊಂಡು ಎತ್ತಿದ ಗೋಡೆ ರಸ್ತೆಯಿಂದಲೇ ಆರಂಭವಾಗಿ, ಮುಂಬಾಗಿಲನ್ನು ಸರಿಯಾಗಿ ಎರಡು ಸೀಳಾಗಿಸಿ, ಹಿತ್ತಿಲ ಬಾವಿಯ ನಡುವೆಯೂ ಹಾದುಹೋಗಿತ್ತು. ಇಬ್ಬರೂ ತಮ್ಮ ತಮ್ಮ ಅರ್ಧ ಬಾಗಿಲಲ್ಲಿ ಅಡ್ಡಡ್ಡವಾಗಿ ಹೊರಗೆ ಬಂದು, ನಮಗೆ ಗೋಡೆಯ ತಮ್ಮ ತಮ್ಮ ಮುಖವನ್ನು ಹೆಮ್ಮೆಯಿಂದ ತೋರಿಸಿದರು. ಉಳಿದ ಊರೆಲ್ಲ ತಣ್ಣಗಿತ್ತು.

ಹೀಗೆ ಹನ್ನೊಂದನೇ ಗೂಡಿನಲ್ಲಿ ಒಬ್ಬ ನಿವೃತ್ತ ಕಂಡಕ್ಟರು ಖಾಲಿ ಬಾಟಲಿಗಳಿಂದ ಕಟ್ಟಿದ ಮನೆಯನ್ನು ನೋಡಿ ಹೊರಬರುವಾಗ ಮಧ್ಯಾಹ್ನ ಎರಡೂವರೆ. ಇನ್ನು ಹದಿಮೂರು ಊರುಗಳಿದ್ದವು, ಮೂರೂವರೆ ಗಂಟೆಯಿತ್ತು. ಲೆಕ್ಕ ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತೆಂದು ಅವಳು ಬೆಳಗಿನಿಂದ ಗಡಿಯಾರ ನೋಡದೆ ಇದ್ದುದರಿಂದಲೇ ನನಗೆ ತಿಳಿದಿತ್ತು.

ಊರಾಚೆ ರಸ್ತೆ ಕವಲೊಡೆಯುವಲ್ಲಿ ಒಂದು ಫಲಕ. ಎಡಕ್ಕೆ ಹನ್ನೆರಡನೇ ಗೂಡು, ಇಪ್ಪತ್ತಾರು ಕಿಲೋಮೀಟರು. ಬಲಕ್ಕೆ ಹದಿನೇಳು, ನಾಲ್ಕು ಕಿಲೋಮೀಟರು. ಕಾರು ನಿಂತಿತು. ನನ್ನ ಕಾಲು ಬ್ರೇಕಿನ ಹತ್ತಿರವೂ ಇರಲಿಲ್ಲ.

"ಎಡಕ್ಕೆ," ಎಂದಳು ಅಕ್ಕ. ಆದರೆ ಕಾಲೆತ್ತಲಿಲ್ಲ.

"ಎಡಕ್ಕೆ ಹೋದ್ರೆ ಹದಿನೇಳು ಇವತ್ತಿಲ್ಲ. ಮುಂದಿನ ವಾರ ಕಾರಿಲ್ಲ. ನಾನೂ ಇರ್ತೀನೋ ಇಲ್ವೋ."

"ಗೊತ್ತು."

"ನೋಡ್ಬೇಕು ಅಂತ ಹೊರಟಿದ್ದು ನೀನೇ."

"ಗೊತ್ತು ಅಂದ್ನಲ್ಲೋ!" ಅವಳು ಮಡಿಲ ಮೇಲಿನ ಚೀಲದ ಹಿಡಿಯನ್ನು ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಮಾಡಿದಳು. "ಹೋದ್ರೆ ಗೊತ್ತಾಗಿಬಿಡತ್ತೆ. ಹೋಗದೆ ಇದ್ರೆ, ಸೋಮಾರಿ, ಕೈಲಾಗದವನು, ಒಂದು ದೂರು ಬರೆಯೋಕೆ ಬಿದ್ದು ಸಾಯ್ತಾನೆ ಅಂತ ಬೈಕೊಂಡಾದ್ರೂ ಇರಬಹುದು."

ಸರದಿ, ಕ್ರಮ, ಕಪಾಟು ಎಂದು ಅವಳು ಹಟ ಹಿಡಿದಿದ್ದರ ಅರ್ಧ ಕಾರಣ ಅಭ್ಯಾಸ. ಇನ್ನರ್ಧ ಈಗ ನನ್ನ ಪಕ್ಕದಲ್ಲಿ ಬ್ರೇಕು ಒತ್ತಿಕೊಂಡು ಕುಳಿತಿತ್ತು.

ಹಿಂದೊಂದು ಟ್ರ್ಯಾಕ್ಟರು ಬಂದು ನಿಂತು ಹಾರ್ನು ಹೊಡೆಯಿತು. "ಅಣ್ಣೋ, ಮೊದಲು ಕ್ಲಚ್ ಒತ್ತಿ! ಆಮೇಲೆ ಗೇರು! ಗಾಬರಿ ಬೇಡ, ಎಲ್ಲಾರ್ಗೂ ಮೊದಲು ಹಿಂಗೇ ಆಗೋದು!"

ಅಕ್ಕ ಹಿಂತಿರುಗಿ ಟ್ರ್ಯಾಕ್ಟರನ್ನು ನೋಡಿದಳು, ಮುಂದೆ ಫಲಕವನ್ನು ನೋಡಿದಳು. ಪಾದವನ್ನು ಮೇಲೆತ್ತಿ ಎರಡೂ ಕಾಲುಗಳನ್ನು ಸೀಟಿನ ಮೇಲೆ ಮಡಚಿಕೊಂಡು ಕುಳಿತಳು.

"ಬಲಕ್ಕೆ ಹೋಗು."

"ಹನ್ನೆರಡು?"

"ಹನ್ನೆರಡನೇ ಗೂಡಿನವರು ಯಾವತ್ತೂ ಅವಸರ ಮಾಡಿದವರಲ್ಲ."

ಆ ನಾಲ್ಕು ಕಿಲೋಮೀಟರಿನಲ್ಲಿ ಅವಳು ಒಮ್ಮೆಯೂ ಬ್ರೇಕು ಮುಟ್ಟಲಿಲ್ಲ. ದಾರಿಯಲ್ಲಿ ಕೊಳವೆಗಳನ್ನು ಜೋಡಿಸಿ ಮಾಡಿದ ಜಿರಾಫೆಯೊಂದಿತ್ತು. ತಲೆಯೆತ್ತಿ ನೋಡಲೂ ಇಲ್ಲ.

ಹದಿನೇಳನೇ ಗೂಡು ಒಂದೇ ಬೀದಿಯ ಊರು. ಗಡಿಯಾರದ ಅಂಗಡಿಯನ್ನು ಹುಡುಕಬೇಕಾಗಲಿಲ್ಲ. ಅದರ ಹೊರಗೋಡೆಯ ತುಂಬ ಗಡಿಯಾರಗಳು: ದುಂಡನೆಯವು, ಚೌಕದವು, ಲೋಲಕವಿರುವವು, ಮುಳ್ಳೇ ಇಲ್ಲದವು, ನಲವತ್ತಕ್ಕೆ ಕಡಿಮೆಯಿಲ್ಲ, ಒಂದೊಂದರಲ್ಲಿ ಒಂದೊಂದು ಸಮಯ. ಇಂಥ ನೋಟವನ್ನು ಕಾಣಲು ಬೇರೆಡೆಯಾದರೆ ಜನ ಟಿಕೇಟು ಕೊಂಡು ಸಾಲು ನಿಲ್ಲುತ್ತಾರೆ. ಇಲ್ಲಿ ಅದರ ಕೆಳಗೊಂದು ಬೆಕ್ಕು ಮಲಗಿತ್ತು. ಬಾಗಿಲ ಪಕ್ಕದಲ್ಲಿ ಒಂದು ಕುರ್ಚಿ, ಅದರ ಮೇಲೆ ಬೆರಳಲ್ಲಿ ಗೀರಬಹುದಾದಷ್ಟು ಧೂಳು. ಬಾಗಿಲು ಹಾಕಿತ್ತು.

ಅಕ್ಕ ಆ ಕುರ್ಚಿಯನ್ನು ನೋಡುತ್ತ ನಿಂತಳು. ನಾನು ಕಾರಿನ ಬಳಿಯೇ ಉಳಿದೆ. ಅವಳು ಮೂರು ಸಲ ಕೈ ಎತ್ತಿ, ನಾಲ್ಕನೆಯ ಸಲ ಬಾಗಿಲು ತಟ್ಟಿದಳು. ಒಳಗೆ ಟಿಕ್ ಟಿಕ್ ಶಬ್ದವಷ್ಟೇ. ಅದೂ ನಲವತ್ತು ಬಗೆಯದು. ಮತ್ತೆ ತಟ್ಟಿದಳು.

"ಭಾನುವಾರ ರಜೆ!" ಎಂದು ಒಳಗಿನಿಂದ ಒಂದು ಕೆರಳಿದ ದನಿ ಬಂತು. "ಬೋರ್ಡು ಓದೋಕೆ ಬರಲ್ವಾ?"

ಅಕ್ಕನ ಭುಜಗಳು ಒಮ್ಮೆ ಮೇಲೆದ್ದು ಇಳಿದವು. ಮರುಕ್ಷಣ ಅವಳು ತಲೆಯ ಮೇಲಿನ ಬೋರ್ಡನ್ನು ಓದಿ, ಬಾಗಿಲಿಗೆ ಮುಖಮಾಡಿ, ಕಚೇರಿಯ ಕಾಗದ ಓದುವ ದನಿಯಲ್ಲಿ ಹೇಳಿದಳು.

"ಸದರಿ ಬೋರ್ಡಿನಲ್ಲಿ ಭಾನುವಾರ ರಜೆ ಎಂಬ ಒಕ್ಕಣೆ ಎಲ್ಲೂ ಕಂಡುಬಂದಿಲ್ಲ. ಈ ಬಗ್ಗೆ ಲಿಖಿತ ದೂರು ಸಲ್ಲಿಸಬೇಕಾಗುತ್ತದೆ."

ಒಳಗೆ ಏನೋ ಸಣ್ಣ ಲೋಹದ ವಸ್ತು ನೆಲಕ್ಕೆ ಬಿದ್ದು ಉರುಳಿದ ಸದ್ದಾಯಿತು. ಆಮೇಲೆ ಚಪ್ಪಲಿಯ ಸದ್ದು. ಬಾಗಿಲು ಒಂದು ಗೇಣು ತೆರೆಯಿತು. ಹಣೆಯ ಮೇಲಕ್ಕೆ ಸರಿಸಿದ ಭೂತಗನ್ನಡಿ, ಮೇಲೆ ಕೆಳಗಾಗಿ ಹಾಕಿದ ಗುಂಡಿಗಳ ಅಂಗಿ, ಅರವತ್ತೈದರ ಆಸುಪಾಸಿನ ಕೃಶ ವ್ಯಕ್ತಿ.

"ವಿಂಗಡಣೆಯವರಾ?" ಎಂದರು.

"ಹೌದು. ಇದ್ದೀರಲ್ಲ!" ಎಂದಳು ಅಕ್ಕ, ಇರುವುದೂ ಒಂದು ಅಪರಾಧವೆಂಬಂತೆ. "ಇದ್ದೂ ಒಂದು ವರ್ಷದಿಂದ ಯಾಕೆ ಬರೀಲಿಲ್ಲ?"

"ಅಂಚೆಯವನು ಹೇಳಿದ, ನೀವು ರಿಟೈರ್ ಆಗ್ತೀರಿ ಅಂತ. ಕೊನೆ ವರ್ಷ ದೂರು ದಾಖಲಾದ್ರೆ ಬಿಡುಗಡೆ ಪತ್ರ ತಡ ಆಗತ್ತಂತೆ. ಅದಕ್ಕೇ ಕಳಿಸಲಿಲ್ಲ."

"ಆಮೇಲೆ? ನಾನು ಬಿಟ್ಟು ಐದು ತಿಂಗಳಾಯ್ತು."

"ಆಮೇಲೆ ಒಂದು ಕಳಿಸ್ದೆ. ಹೊಸಬರು ಅಚ್ಚು ಹಾಕಿದ ಕಾರ್ಡು ಕಳಿಸಿದ್ರು. 'ತಮ್ಮ ಅನಿಸಿಕೆಗೆ ಧನ್ಯವಾದಗಳು.'" ಗಡಿಯಾರದವರು ಭೂತಗನ್ನಡಿಯನ್ನು ಹಣೆಯಿಂದ ಕಿತ್ತು ತೆಗೆದರು. "ಅನಿಸಿಕೆ ಅಂತೆ! ಇಪ್ಪತ್ತೊಂದು ವರ್ಷದಲ್ಲಿ ನೀವು ಒಂದೇ ಒಂದು ಸಲ ನನಗೆ ಧನ್ಯವಾದ ಹೇಳಿದೀರಾ?"

"ಇಲ್ಲ."

"ಮತ್ತೆ!"

ಅವರು ಒಳಗೆ ಹೋಗಿ, ದಾರ ಕಟ್ಟಿದ ಕಾಗದಗಳ ಕಟ್ಟೊಂದನ್ನು ತಂದು ಅಕ್ಕನ ಕೈಗಿತ್ತರು. ವರ್ಷವಿಡೀ ಬರೆದು ಕಳುಹಿಸದೆ ಇಟ್ಟ ದೂರುಗಳು, ಮೂವತ್ತಾರು. ಅಕ್ಕ ಕನ್ನಡಕ ಹಾಕಿಕೊಂಡು ಮೊದಲನೆಯದನ್ನು ಓದಿದಳು. ಓದುತ್ತ ಓದುತ್ತ ಅವಳ ಹುಬ್ಬು ಮೇಲೇರಿದ್ದನ್ನು ಕಂಡು ನನಗೆ ನೆಮ್ಮದಿಯಾಯಿತು; ಅಕ್ಕ ಸರಿಹೋದಳೆಂಬುದರ ಲಕ್ಷಣ ಅದು.

"ಹನ್ನೆರಡು ಒಂಬತ್ತಕ್ಕೆ ಬಂತು ಅಂತ ಬರ್ದಿದೀರಿ. ಯಾವ ಗಡಿಯಾರ ನೋಡಿ?" ಗೋಡೆಯ ಕಡೆ ಕೈ ಬೀಸಿದಳು. "ಇಲ್ಲಿ ಕೆಲವಕ್ಕೆ ಇನ್ನೂ ಬೆಳಗಾಗಿಲ್ಲ, ಕೆಲವಕ್ಕೆ ಆಗಲೇ ರಾತ್ರಿ ಊಟ ಆಗಿದೆ."

"ಅವೆಲ್ಲ ಗಿರಾಕಿಗಳದ್ದು. ನನ್ನದು ಅದು." ಒಳಗೆ ಮೇಜಿನ ಮೇಲ್ಗಡೆ ತೂಗುಹಾಕಿದ್ದ ಕಪ್ಪು ಮರದ ಗಡಿಯಾರವನ್ನು ತೋರಿಸಿದರು. "ನಮ್ಮಪ್ಪನ ಕಾಲದ್ದು."

ಅಕ್ಕ ತನ್ನ ಕೈಗಡಿಯಾರ ನೋಡಿದಳು. ನನ್ನ ಕೈ ಹಿಡಿದೆಳೆದು ನನ್ನದನ್ನೂ ನೋಡಿದಳು. ಕಾರಿನ ರೇಡಿಯೋ ಹಾಕಿಸಿ, ಮೂರು ಗಂಟೆಯ ವಾರ್ತೆ ಶುರುವಾಗುವವರೆಗೂ ಕಾದಳು. ಕಪ್ಪು ಗಡಿಯಾರದಲ್ಲಿ ಮೂರು ಹದಿನೆಂಟಾಗಿತ್ತು.

ಅಕ್ಕ ಕನ್ನಡಕ ತೆಗೆದು ಮಡಚಿದಳು.

"ಹದಿನೆಂಟು ನಿಮಿಷ ಮುಂದಿದೆ," ಎಂದಳು ಅಕ್ಕ, ಒಂದೊಂದು ಅಕ್ಷರವನ್ನೂ ಸವಿಯುತ್ತ. "ಇಪ್ಪತ್ತೊಂದು ವರ್ಷ! ಗಡಿಯಾರ ರಿಪೇರಿಯವರು! ಸ್ವಂತ ಗಡಿಯಾರ ಸರಿಮಾಡೋಕೆ ಏನಾಗಿತ್ತು?"

ಗಡಿಯಾರದವರು ಅದನ್ನು ಹೊಸದಾಗಿ ನೋಡುವಂತೆ ನೋಡಿದರು. ಬಹಳ ಪ್ರಾಮಾಣಿಕವಾಗಿ ಉತ್ತರಿಸಿದರು.

"ಅದನ್ನ ಯಾರೂ ರಿಪೇರಿಗೆ ತಂದುಕೊಟ್ಟಿಲ್ಲವಲ್ಲ."

ಅಕ್ಕ ನಕ್ಕಳು. ಹಾಗೆ ನಕ್ಕದ್ದನ್ನು ನಾನು ವರ್ಷಗಳಿಂದ ಕೇಳಿರಲಿಲ್ಲ. ಬೆಕ್ಕು ಎದ್ದು ಓಡಿಹೋಯಿತು. ಗಡಿಯಾರದವರ ಮುಖ ಕೆಂಪಾಯಿತು. ಆದರೂ ಸೋಲೊಪ್ಪಲಿಲ್ಲ. ಹದಿನೆಂಟು ಕಳೆದರೂ ಅರ್ಧಕ್ಕರ್ಧ ದೂರುಗಳು ಊರ್ಜಿತವೇ ಎಂದರು. ಹಾಗಾದರೆ ಒಂದೊಂದಾಗಿ ಕಳೆದು ನೋಡೋಣ ಎಂದಳು ಅಕ್ಕ. ನೋಡೋಣ ಎಂದರು ಅವರು. ಇವಳು ಒಳಗೆ ಹೋಗಿ ಮೇಜಿನೆದುರು ಕುಳಿತಳು. ಅವರು ಹೊರಗಿನ ಕುರ್ಚಿಯ ಧೂಳು ಕೊಡವಿ ಒಳಗೊಯ್ದರು. ಮೂರನೆಯ ಕಾಗದಕ್ಕೆ ಬರುವಷ್ಟರಲ್ಲಿ, ಲೆಕ್ಕದ ಪ್ರಕಾರ ಅಂಚೆ ಆರು ನಿಮಿಷ ಮೊದಲೇ ತಲುಪಿತ್ತೆಂದು ಗೊತ್ತಾಯಿತು. ಮೊದಲೇ ಬರುವುದೂ ತಪ್ಪೇ, ಆಗ ನಾನಿನ್ನೂ ಸ್ನಾನ ಮಾಡ್ತಿರ್ತೀನಿ ಎಂದು ಗಡಿಯಾರದವರು ವಾದ ಹೂಡಿದರು.

ಐದು ಗಂಟೆಗೆ ನಾನು ಬಾಗಿಲಲ್ಲಿ ನಿಂತು ಕೆಮ್ಮಿದೆ. "ಅಕ್ಕಾ, ಕಾರು."

"ನೀನು ಹೋಗಿ ಕೊಟ್ಟುಬಿಡು. ಆರೂವರೆಗೆ ಬಸ್ಸಿದೆಯಂತೆ." ತಲೆಯೆತ್ತದೆ ಹೇಳಿದಳು. "ಇವರ ಗಡಿಯಾರದಲ್ಲಿ ಆರು ನಲವತ್ತೆಂಟು."

ಆರಕ್ಕೆ ಎರಡು ನಿಮಿಷವಿದ್ದಾಗ ಕಾರನ್ನು ಅಂಗಳದಲ್ಲಿ ನಿಲ್ಲಿಸಿದೆ. ಅಳಿಯ ಪಕ್ಕದ ಸೀಟನ್ನು ನೋಡಿ ಹೌಹಾರಿದ.

"ಮಾವ, ಅತ್ತೆ ಎಲ್ಲಿ?"

"ಹದಿನೇಳನೇ ಗೂಡಲ್ಲಿ ಬಿಟ್ಟು ಬಂದೆ."

"ಬಿಟ್ಟು ಬಂದ್ರಾ? ವಾಪಸ್ ಹೇಗೆ ಬರ್ತಾರೆ?"

"ಜಗಳ ಮುಗಿದರೆ ಬಸ್ಸಲ್ಲಿ. ಮುಗೀದಿದ್ರೂ ಬಸ್ಸಲ್ಲೇ, ಇನ್ನೂ ಖುಷಿಯಾಗಿ."

ಏಳೂಕಾಲಿಗೆ ಅವಳು ಬಂದಳು, ಜೀವಮಾನದಲ್ಲಿ ಮೊದಲ ಬಾರಿಗೆ ಒಬ್ಬಳೇ ಹಳ್ಳಿಯ ಬಸ್ಸಿನಲ್ಲಿ ಕುಳಿತು. ಕಂಡಕ್ಟರು ಸ್ಟಾಪುಗಳನ್ನು ತಪ್ಪು ಕ್ರಮದಲ್ಲಿ ಕೂಗುತ್ತಾನೆಂದು ದೂರಿದಳು. ಹದಿನೇಳು ದೂರುಗಳಷ್ಟೇ ಇತ್ಯರ್ಥವಾಗಿದ್ದವು. ಉಳಿದ ಹತ್ತೊಂಬತ್ತಕ್ಕೆ ಲಿಖಿತ ಉತ್ತರವೇ ಬೇಕೆಂದು ಗಡಿಯಾರದವರು ಪಟ್ಟುಹಿಡಿದಿದ್ದರಂತೆ, ಅದೂ ನಿಯಮದಂತೆ ಮೂವತ್ತು ದಿನದೊಳಗೆ.

ಸೋಮವಾರ ಬೆಳಗ್ಗೆ ನಾನು ಎದ್ದಾಗ ಅಕ್ಕ ಆಗಲೇ ಮೇಜಿನ ಮುಂದಿದ್ದಳು. ಚಹಾ ನಾನೇ ಮಾಡಿಕೊಂಡೆ. ಅವಳು ಬರೆಯುತ್ತಿದ್ದುದನ್ನು ಹಿಂದಿನಿಂದ ಇಣುಕಿದೆ: 'ತಾವು ಸ್ನಾನಕ್ಕೆ ತೆಗೆದುಕೊಳ್ಳುವ ಅವಧಿಯು ಇಲಾಖೆಯ ವ್ಯಾಪ್ತಿಗೆ ಒಳಪಡುವುದಿಲ್ಲ.' ಅವಳು ಕೈಯಿಂದ ಕಾಗದ ಮುಚ್ಚಿದಳು.

ನಾನು ತಿಂಗಳ ಕೊನೆಯವರೆಗೆ ಇರುವುದೆಂದು ಬಂದವನು. ಆಮೇಲೆ ಬಂದರಿಗೆ ಹೋಗಿ, ಯಾವುದಾದರೂ ಹಡಗು ಹಿಡಿದು, ಹತ್ತನೇ ದೇಶವನ್ನು ನೋಡುವ ಯೋಚನೆಯಿತ್ತು. ಆದರೆ ಆ ಬೆಳಗ್ಗೆ ಹತ್ತನೇ ದೇಶವನ್ನು ಎಷ್ಟು ನೆನೆಸಿಕೊಂಡರೂ ಅದರ ಚಿತ್ರ ಮನಸ್ಸಿನಲ್ಲಿ ನಿಲ್ಲಲಿಲ್ಲ. ಚೀಲವನ್ನು ಮಂಚದ ಮೇಲೆ ಬಿಚ್ಚಿಟ್ಟೆ. ಎರಡು ಅಂಗಿ, ಅಕ್ಕ ಹೊಲಿದು ಸರಿಮಾಡಿದ್ದವು. ಒಂದು ಕಂಬಳಿ, ಕ್ಷೌರದ ಸಾಮಾನು, ಟಾರ್ಚು, ಅರ್ಧ ಓದಿದ ಒಂದು ಪತ್ತೇದಾರಿ ಕಾದಂಬರಿ. ಕಾದಂಬರಿಯನ್ನು ಹೊರಗೆ ತೆಗೆದಿಟ್ಟು, ಅದರ ಜಾಗದಲ್ಲಿ ಒಂದು ಖಾಲಿ ನೋಟುಬುಕ್ಕು ಇಟ್ಟೆ.

"ಹೊರಟ್ಯಾ?" ಅಕ್ಕ ಬರೆಯುತ್ತಲೇ ಕೇಳಿದಳು.

"ಹೂಂ."

"ದೂರಾನಾ?"

"ಹತ್ತೊಂಬತ್ತನೇ ಗೂಡು. ಅಲ್ಲಿಂದ ಆ ಕಡೆಯ ನಾಲ್ಕೈದು."

ಅವಳ ಪೆನ್ನು ನಿಂತಿತು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಹತ್ತೊಂಬತ್ತರವರು ವಿಪರೀತ ಓದೋ ಜನ. ಕಟ್ಟುಗಟ್ಟಲೆ ಪುಸ್ತಕ ಬರತ್ತೆ, ಎತ್ತಿ ಎತ್ತಿ ನನ್ನ ಭುಜಾನೇ ಹೋಗಿದೆ. ಅಲ್ಲಿ ದೊಡ್ಡ ವಾಚನಾಲಯ ಇರ್ಬೇಕು, ನೋಡು."

"ರದ್ದಿ ಕಾಗದದ ಕಾರ್ಖಾನೆ ಇದ್ರೆ?"

"ತೊಲಗಾಚೆ!" ಎಂದು ರಬ್ಬರನ್ನು ನನ್ನತ್ತ ಎಸೆದಳು. ಮತ್ತೆ ಕಾಗದಕ್ಕೆ ಬಾಗಿ, "ಬ್ರೆಡ್ಡು ತಗೊಂಡು ಹೋಗು. ಬಾಗಿಲು ಎಳ್ಕೊಂಡು ಹೋಗು, ಗಾಳಿಗೆ ಕಾಗದ ಹಾರತ್ತೆ," ಎಂದಳು.

ಬ್ರೆಡ್ಡನ್ನು ಚೀಲದ ಬಾಯಲ್ಲಿ ತುರುಕಿ, ದಾರ ಬಿಗಿದು, ಹೆಗಲಿಗೇರಿಸಿಕೊಂಡೆ. ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಬೀದಿಗಿಳಿದೆ. ಡ್ರೈವಿಂಗ್ ಶಾಲೆಯ ಕಾರು ಎದುರಿನಿಂದ ಬಂತು. ಸ್ಟೀರಿಂಗ್ ಹಿಡಿದಿದ್ದ ಹೊಸಬಳು ಹೆದರಿ ನಡುಬೀದಿಯಲ್ಲಿ ನಿಲ್ಲಿಸಿದಳು. ನಾನು ಕಿಟಕಿಗೆ ಬಾಗಿ ಅವಳಿಗೆ, ಮೊದಲು ಕ್ಲಚ್ಚು, ಆಮೇಲೆ ಗೇರು ಎಂದು ಹೇಳಿ, ಬಸ್ಸಿನ ನಿಲ್ದಾಣದ ಕಡೆಗೆ ಹೆಜ್ಜೆ ಹಾಕಿದೆ.